ಹೆಸರು ಮತ್ತು ಬಹುವಚನ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಕಿವುಡಜ್ಜಿ, ಮೂಗಣ್ಣ, ಕುಂಟಯ್ಯ ಎನ್ನುವ ಹೆಸರುಗಳು ಹಳಬರ ಬಾಯಲ್ಲಿ ಇವತ್ತಿಗೂ ಇವೆ. ಒಂದೇ ಊರಲ್ಲಿ ಮೂರು ಜನ ರಂಗಪ್ಪ ಇದ್ದರೆ ಗುರುತಿಗೆ ಒಬ್ಬ ಕರಿ ರಂಗಪ್ಪ, ಒಬ್ಬ ಗಿಡ್ಡ ರಂಗಪ್ಪ, ಇನ್ನೊಬ್ಬ ಕುಂಟ ರಂಗಪ್ಪ. ಕರೆಯುವವರ ಮನಸ್ಸಿನಲ್ಲಿ ಕೆಡುಕು ಇರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ಇರಬಹುದು. ಆದರೆ ಆ ಹೆಸರು ಹೊತ್ತವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಎಡಗಾಲಿಗೆ ಪೋಲಿಯೊ ಆದ ನನಗೆ ಶಾಲೆಯಲ್ಲಿ ಯಾವ ಹೆಸರಿತ್ತು ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಗ್ರಾಮ ಪಂಚಾಯಿತಿಯೊಂದರಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯಾಗಿದ್ದೇನೆ. ಜನ ವಿ.ಆರ್.ಡಬ್ಲ್ಯೂ. ಮೇಡಂ ಅಂತಾರೆ. ಅರ್ಜಿ ಬರೆಸುವುದು, ವೈಕಲ್ಯದ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್ ಮಾಡಿಸುವುದು, ಪಿಂಚಣಿ ನಿಂತರೆ ಓಡಾಡುವುದು ನನ್ನ ಕೆಲಸ. ಹಾಗಾಗಿ ನಮ್ಮಂಥವರನ್ನು ಏನೆಂದು ಕರೆಯಬೇಕು ಅನ್ನುವ ಚರ್ಚೆ ನನಗೆ ದೂರದ್ದಲ್ಲ.

ನನ್ನ ಮೇಜಿನ ಕಡತಗಳಲ್ಲೇ ಈ ಚರಿತ್ರೆ ಇದೆ. ಹಳೆಯ ರಟ್ಟಿನ ಮೇಲೆ ‘ಅಂಗವಿಕಲರು’. ಆಮೇಲಿನದರ ಮೇಲೆ ‘ವಿಕಲಚೇತನರು’. ಇತ್ತೀಚಿನ ಆಮಂತ್ರಣ ಪತ್ರಿಕೆಗಳಲ್ಲಿ ‘ವಿಶೇಷಚೇತನರು’. ಕೇಂದ್ರದಿಂದ ಬರುವ ಕಾಗದಗಳಲ್ಲಿ ‘ದಿವ್ಯಾಂಗಜನ’. ವಿಶ್ವಸಂಸ್ಥೆ 1981ನ್ನು ಅಂಗವಿಕಲರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದಾಗ ಅಂಗವಿಕಲ ಅನ್ನುವುದೇ ಮರ್ಯಾದೆಯ ಮಾತು. ಕುಂಟ, ಕುರುಡ, ಹೆಳವ ಎಂಬ ಮಾತುಗಳಿಂದ ನಮ್ಮನ್ನು ಬಿಡಿಸಿದ ಮಾತು. ಬರಬರುತ್ತಾ ಅದೂ ಒರಟಾಯಿತು. ಆಗ ವಿಕಲಚೇತನ ಬಂತು. ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲಿ ಇರುವುದು ಇವತ್ತಿಗೂ ಇದೇ. ಒಳ್ಳೆಯ ಮನಸ್ಸಿನಿಂದ ತಂದ ಪದ, ಅನುಮಾನವಿಲ್ಲ. ಆದರೆ ಸ್ವಲ್ಪ ನಿಂತು ನೋಡಿ. ಮೊದಲು ವಿಕಲವಾಗಿದ್ದದ್ದು ಅಂಗ ಮಾತ್ರ, ಈಗ ಚೇತನವೇ ವಿಕಲವಾಯಿತು! ನನ್ನ ಕಾಲು ಸೊರಗಿದ್ದು ನಿಜ, ಚೇತನಕ್ಕೆ ಏನೂ ಆಗಿಲ್ಲ.

ದಿವ್ಯಾಂಗ ಎಂಬ ಪದವನ್ನು 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಮಾತಿನಲ್ಲೇ ಸೂಚಿಸಿದರು. ಹಲವು ಸಂಘಟನೆಗಳು ಆಗಲೇ ಆಕ್ಷೇಪಿಸಿದವು. ನನಗೂ ಆಕ್ಷೇಪವಿದೆ. ದೇವರ ಮಕ್ಕಳು ಎಂದು ಕೈ ಮುಗಿದವರು ಮೆಟ್ಟಿಲ ಪಕ್ಕ ರ‍್ಯಾಂಪ್ ಕಟ್ಟಿಸುವುದನ್ನು ಮರೆಯುತ್ತಾರೆ. ಹೊಗಳಿಕೆಗೆ ಸಿಮೆಂಟು ಬೇಕಾಗುವುದಿಲ್ಲವಲ್ಲ.

ಇದು ಕನ್ನಡದ ಕಥೆ ಮಾತ್ರ ಅಲ್ಲ. ಇಂಗ್ಲಿಷಿನಲ್ಲಿ ಇವತ್ತು ಬೈಗುಳವಾಗಿರುವ ಈಡಿಯಟ್, ಇಂಬಿಸೈಲ್, ಮೊರಾನ್ ಎಂಬ ಮೂರೂ ಪದಗಳು ನೂರು ವರ್ಷದ ಹಿಂದೆ ವೈದ್ಯರು ಬುದ್ಧಿಶಕ್ತಿಯ ಮಟ್ಟ ಅಳೆದು ಬರೆಯುತ್ತಿದ್ದ ಶಾಸ್ತ್ರೀಯ ಪದಗಳು. ಅವು ಕೆಟ್ಟವು ಅಂತ ‘ಮೆಂಟಲಿ ರಿಟಾರ್ಡೆಡ್’, ಅಂದರೆ ಬುದ್ಧಿಮಾಂದ್ಯ ಎಂಬ ಪದ ಬಂತು. ಶಾಲೆಯ ಮಕ್ಕಳು ಅದನ್ನೂ ಬೈಗುಳ ಮಾಡಿಕೊಂಡರು. ಕೊನೆಗೆ 2010ರಲ್ಲಿ ಅಮೆರಿಕ ಒಂದು ಕಾನೂನನ್ನೇ ಮಾಡಿ ಆ ಪದವನ್ನು ಕೈಬಿಟ್ಟಿತು. ಮೆದುಳಿನ ತೊಂದರೆಯಿಂದ ಸ್ನಾಯು ಸೆಟೆದುಕೊಳ್ಳುವವರಿಗಾಗಿ ಇದ್ದ, ಬ್ರಿಟನ್ನಿನ ಸ್ಪಾಸ್ಟಿಕ್ಸ್ ಸೊಸೈಟಿ ಎಂಬ ದೊಡ್ಡ ಸಂಸ್ಥೆ 1994ರಲ್ಲಿ ತನ್ನ ಹೆಸರನ್ನೇ ‘ಸ್ಕೋಪ್’ ಎಂದು ಬದಲಿಸಿಕೊಂಡಿತು. ಅಷ್ಟು ಹೊತ್ತಿಗೆ ಸ್ಪಾಸ್ಟಿಕ್ ಅನ್ನುವುದು ಬೀದಿಯ ಬೈಗುಳವಾಗಿತ್ತು. ತಳ ಸೋರುವ ಕೊಡಕ್ಕೆ ಬಣ್ಣ ಬಳಿದಂತೆ, ನೋಡುವ ಕಣ್ಣು ಹಾಗೇ ಇದ್ದರೆ ಎಷ್ಟು ಹೊಸ ಪದ ತಂದರೂ ಒಂದು ತಲೆಮಾರಿನಲ್ಲಿ ಅದು ಹಳೆಯದರ ಜಾಗದಲ್ಲೇ ಬಂದು ಕೂರುತ್ತದೆ.

ಹಾಗಂತ ಪದ ಬದಲಿಸುವುದೆಲ್ಲ ದಂಡ ಎಂದು ನಾನು ಹೇಳುವುದಿಲ್ಲ. ಒಂದು ಉದಾಹರಣೆ ಕೇಳಿ. ಶಾಲೆಯಲ್ಲಿ ಎಷ್ಟು ಮಕ್ಕಳು ‘ದಡ್ಡ’ ಅನ್ನಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತು, ಹೊಡೆತ ತಿಂದು, ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಹೋದರು! ಬಾಯಲ್ಲಿ ಚೆನ್ನಾಗಿ ಲೆಕ್ಕ ಹೇಳುವ ಹುಡುಗ, ಅಕ್ಷರ ಕಂಡರೆ ಮಾತ್ರ ತಡವರಿಸುತ್ತಾನೆ. ವಿಕಲಚೇತನರಿಗಾಗಿ ಬಂದ 1995ರ ಕಾಯಿದೆಯಲ್ಲಿ ಇದ್ದದ್ದು ಏಳು ಬಗೆಯ ವೈಕಲ್ಯ. 2016ರ ಹಕ್ಕುಗಳ ಕಾಯಿದೆಯಲ್ಲಿ ಅದು ಇಪ್ಪತ್ತೊಂದಾಯಿತು, ಅದರಲ್ಲಿ ಈ ಹುಡುಗನಂಥವರ ತೊಂದರೆಯಾದ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ಪದ ಉದ್ದವಾಯಿತು, ಬಾಯಿ ತಿರುಗುವುದಿಲ್ಲ, ನಿಜ. ಆದರೆ ಸರ್ಟಿಫಿಕೇಟಿನಲ್ಲಿ ಆ ಪದ ಇದ್ದರೆ ಹುಡುಗನಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ. ಬದುಕು ಬದಲಿಸಿದ ಪದ ಅದು. ಆಸಿಡ್ ದಾಳಿಗೆ ತುತ್ತಾದವರು, ತಲಸೇಮಿಯಾ, ಹಿಮೋಫಿಲಿಯಾ ಎಂಬ ರಕ್ತದ ಕಾಯಿಲೆ ಇರುವವರು, ಪಾರ್ಕಿನ್ಸನ್ ಆದ ಹಿರಿಯರು, ಇವರೆಲ್ಲ ಕಾನೂನಿನ ಲೆಕ್ಕಕ್ಕೆ ಬಂದದ್ದೂ ಆಗಲೇ.

ಇನ್ನೊಂದು ಕಡೆ, ನಾಜೂಕಿನ ಪದ ಬೇಡ ಅನ್ನುವವರೂ ಇದ್ದಾರೆ. ಜಗತ್ತಿನ ಕಿವುಡರ ಸಂಘಟನೆಗಳು ‘ಶ್ರವಣದೋಷವುಳ್ಳವರು’ ಅನ್ನಬೇಡಿ, ಕಿವುಡರು ಅನ್ನಿ ಎನ್ನುತ್ತವೆ. ನಮಗೆ ಸಂಜ್ಞೆಯ ಭಾಷೆ ಇದೆ, ನಮ್ಮಲ್ಲಿ ದೋಷ ಹುಡುಕಬೇಡಿ ಎಂಬುದು ಅವರ ವಾದ. ಆದರೆ ಕಿವುಡರನ್ನು ಮೂಗರು ಅನ್ನುವುದು ಮಾತ್ರ ತಪ್ಪು. ಅವರಲ್ಲಿ ಬಹುತೇಕರ ಗಂಟಲು ಸರಿಯಾಗಿಯೇ ಇರುತ್ತದೆ. ಕೇಳದ ಮಾತನ್ನು ಕಲಿಯಲು ಆಗಿರುವುದಿಲ್ಲ ಅಷ್ಟೇ. ಈ ಬಾನುಲಿ ಮಾತು ಅವರಿಗೆ ಕೇಳಿಸುವುದಿಲ್ಲ. ಅವರ ಅಪ್ಪ ಅವ್ವ, ಅಣ್ಣ ತಂಗಿ ಕೇಳುತ್ತಿದ್ದೀರಿ. ದಯವಿಟ್ಟು ನಾಲ್ಕು ಸಂಜ್ಞೆಯನ್ನಾದರೂ ಕಲಿತು ಮನೆಯಲ್ಲಿ ಅವರೊಂದಿಗೆ ಮಾತಾಡಿ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ಮರ್ಯಾದೆ ಬರಿಯ ಹೆಸರಿನಲ್ಲಿಲ್ಲ, ಕ್ರಿಯಾಪದದ ಬಾಲದಲ್ಲಿದೆ. ಬಾ, ಬನ್ನಿ. ಬಂದ, ಬಂದರು. ನಮ್ಮ ಹೆಸರನ್ನು ಇಷ್ಟು ಸಲ ಬದಲಿಸಿದರು. ಆ ಬಾಲವನ್ನು ಬದಲಿಸಲಿಲ್ಲ. ಕಣ್ಣು ಕಾಣದ ಐವತ್ತು ವರ್ಷದ ಒಬ್ಬರನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಜೊತೆಗೆ ಅವರ ಅಕ್ಕನ ಮಗ, ಇಪ್ಪತ್ತರ ಹುಡುಗ. ಗುಮಾಸ್ತರು ಹುಡುಗನ ಕಡೆ ತಿರುಗಿ, “ಬನ್ನಿ, ಕೂತ್ಕೊಳ್ಳಿ. ಇವನಿಗೆ ಸೈನ್ ಹಾಕಕ್ಕೆ ಬರುತ್ತಾ?” ಅಂದರು. ಗೋಡೆಯ ಮೇಲೆ ‘ವಿಶೇಷಚೇತನರಿಗೆ ಮೊದಲ ಆದ್ಯತೆ’ ಎಂಬ ಬೋರ್ಡಿತ್ತು. ಆ ಹಿರಿಯರಿಗೆ ಬೋರ್ಡು ಕಾಣುವುದಿಲ್ಲ, ‘ಇವನಿಗೆ’ ಅನ್ನುವುದು ಕೇಳುತ್ತದೆ.

ನಮ್ಮ ಕಡೆ ಏಕವಚನ ಪ್ರೀತಿಯ ಮಾತೂ ಹೌದು, ಒಪ್ಪುತ್ತೇನೆ. ಅವ್ವನನ್ನೂ ದೇವರನ್ನೂ ನೀನು ಅಂತಲೇ ಕರೆಯುತ್ತೇವೆ. ಆದರೆ ಅದೇ ಕೌಂಟರಿನಲ್ಲಿ ಪಕ್ಕದವರಿಗೆ ಬನ್ನಿ, ನಮಗೆ ಬಾ ಎಂದಾಗ ಅದು ಪ್ರೀತಿಯಲ್ಲ. ಸರ್ಟಿಫಿಕೇಟು ಬಂದಮೇಲಂತೂ ಹೆಸರೂ ಹೋಗಿ, “ಎಷ್ಟು ಪರ್ಸೆಂಟಮ್ಮಾ ನೀನು?” ಎಂದು ಕೇಳುತ್ತಾರೆ. ಕಾನೂನಿಗೆ ಶೇ. 40ರಷ್ಟು ವೈಕಲ್ಯ ಎಂಬ ಗೆರೆ ಬೇಕು, ಪಿಂಚಣಿಯ ಮೊತ್ತಕ್ಕೂ ಲೆಕ್ಕ ಬೇಕು. ಆ ಅಂಕಿ ಕಾಗದದಲ್ಲಿರಲಿ, ಕರೆಯುವುದಕ್ಕೆ ಬೇಡ.

ನಮ್ಮದೇ ಜಿಲ್ಲೆಯ ಎಚ್.ಎನ್. ಗಿರೀಶ್ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಒಂದೇ ಪದಕ ಅದು. ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಪದಕ ತಂದವರಿಗೆ ಬಹುವಚನ ತಾನಾಗಿ ಬರುತ್ತದೆ. ಪಿಂಚಣಿ ಅರ್ಜಿ ಹಿಡಿದು ಸಾಲಿನಲ್ಲಿ ನಿಂತ ಅರಸೀಕೆರೆಯ ಅಜ್ಜನಿಗೂ, ಆಲೂರಿನ ಹೆಂಗಸಿಗೂ ಅದು ಹಾಗೇ ಬರಲಿ ಎಂಬುದು ನನ್ನ ಆಸೆ.

2016ರ ಕಾಯಿದೆಯ 92ನೇ ಕಲಮಿನ ಪ್ರಕಾರ, ನಾಲ್ಕು ಜನರ ಎದುರು ವಿಕಲಚೇತನರನ್ನು ಬೇಕೆಂದೇ ಹೀಯಾಳಿಸಿದರೆ ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಜೈಲು, ಜೊತೆಗೆ ದಂಡ. ಇದು ಗೊತ್ತಿರಲಿ. ಇನ್ನು, ಗ್ರಾಮ ಪಂಚಾಯಿತಿಗಳಲ್ಲಿ ನಮ್ಮವರಿಗಾಗಿ ಶೇ. 5ರ ಅನುದಾನ ಇದೆ. ನಿಮ್ಮ ಪಂಚಾಯಿತಿಯಲ್ಲಿ ವಿಕಲಚೇತನರ ಗ್ರಾಮಸಭೆ ನಡೆದಾಗ ತಪ್ಪದೆ ಬನ್ನಿ. ಮನೆಯಲ್ಲಿ ಇದ್ದವರನ್ನು ಹೊತ್ತುಕೊಂಡಾದರೂ ಕರೆತನ್ನಿ. ಆ ಹಣದಲ್ಲಿ ಏನು ಮಾಡಿದ್ದೀರಿ, ಶಾಲೆಗೆ ರ‍್ಯಾಂಪ್ ಯಾವಾಗ, ನಾವು ಬಳಸುವಂಥ ಶೌಚಾಲಯ ಎಲ್ಲಿ ಎಂದು ಅವರ ಬಾಯಿಂದಲೇ ಕೇಳಿಸಿ. ಅವರು ಮಾತಾಡುವಾಗ ಪಕ್ಕದಿಂದ ನೀವು ಉತ್ತರ ಹೇಳಬೇಡಿ.

ನಮಸ್ಕಾರ.