ಕಥೆ ಕೇಳಲು ಕೂತ ಸಂತ

ಕೇಳುಗರೇ, ನಮಸ್ಕಾರ.

ಐರ್ಲೆಂಡಿನಲ್ಲಿ 12ನೇ ಶತಮಾನದ ಒಂದು ಹಸ್ತಪ್ರತಿ ಇದೆ. ಲೆನ್‌ಸ್ಟರ್ ಪುಸ್ತಕ ಅಂತ ಹೆಸರು. ಒಂದು ಹೋರಿಗಾಗಿ ಎರಡು ನಾಡುಗಳು ಹೊಡೆದಾಡಿದ ಹಳೆಯ ವೀರಗಾಥೆ ಅದರಲ್ಲಿದೆ. ಕಥೆಯ ಕೊನೆಗೆ ಐರಿಷ್ ಭಾಷೆಯಲ್ಲಿ ಒಂದು ಹಾರೈಕೆ: ಏನೂ ಬದಲಿಸದೆ ಇದನ್ನು ಬಾಯಿಪಾಠ ಮಾಡಿದವರಿಗೆ ಒಳ್ಳೆಯದಾಗಲಿ. ಅದರ ಕೆಳಗೇ ಲ್ಯಾಟಿನ್ನಿನಲ್ಲಿ ಇನ್ನೊಂದು ಮಾತು: ಬರೆದ ನಾನು ಇದನ್ನು ನಂಬುವುದಿಲ್ಲ, ಇದರಲ್ಲಿ ಕೆಲವು ದೆವ್ವಗಳ ಮೋಸ, ಕೆಲವು ಕವಿಗಳ ಕಟ್ಟುಕಥೆ, ಕೆಲವು ಪೆದ್ದರ ಖುಷಿಗೆ. ನಂಬದಿದ್ದರೆ ಅಷ್ಟುದ್ದ ಬರೆದದ್ದು ಯಾಕೆ ಮಾರಾಯರೇ?

ಬರೆಯಲು ಬರುತ್ತಿದ್ದವರು ಕ್ರೈಸ್ತ ಮಠಗಳಲ್ಲಿ ಓದಿದವರು. ಅವರಿಗೆ ಹಳೆಯ ಕಥೆ ಬಿಡಲು ಮನಸ್ಸಿಲ್ಲ, ಒಪ್ಪಲು ಅಳುಕು. ಕೆಲವೊಮ್ಮೆ ಹೆಸರೇ ಹಳೆಯ ನಂಬಿಕೆಯಿಂದ ಕ್ರೈಸ್ತ ಧರ್ಮಕ್ಕೆ ದಾಟಿತು. 900ರ ಸುಮಾರಿನ ಒಂದು ಪದಕೋಶದಲ್ಲಿ ಬ್ರಿಜಿಡ್ ಕವಿಗಳು ಪೂಜಿಸುತ್ತಿದ್ದ ದೇವತೆ. ಕಿಲ್ಡೇರ್ ಮಠದ ಸಂತಳ ಹೆಸರೂ ಬ್ರಿಜಿಡ್. ಆಕೆಯ ಹಬ್ಬ ಫೆಬ್ರವರಿ 1ಕ್ಕೆ. ಹಳೆಯ ವಸಂತದ ಹಬ್ಬವೂ ಅವತ್ತೇ. ಸಂತಳಲ್ಲಿ ದೇವತೆ ಎಷ್ಟು ಉಳಿದಿದ್ದಾಳೆ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ, ಅದಿರಲಿ.

ನನಗೆ ಜಾಸ್ತಿ ಇಷ್ಟವಾದದ್ದು 1200ರ ಆಸುಪಾಸಿನ ‘ಹಿರಿಯರ ಮಾತುಕತೆ’ ಎಂಬ ಐರಿಷ್ ಕೃತಿ. ವೀರ ಫಿನ್ ಸತ್ತು ಎಷ್ಟೋ ಕಾಲವಾಗಿದೆ. ಅವನ ಪಡೆಯಲ್ಲಿದ್ದ ಮುದುಕ ಕೀಲ್ಟೆ ಉಳಿದ ಕೆಲವರೊಡನೆ, ಐರ್ಲೆಂಡಿಗೆ ಕ್ರೈಸ್ತ ಧರ್ಮ ತಂದವರೆಂದು ಹೆಸರಾದ ಸಂತ ಪ್ಯಾಟ್ರಿಕ್‌ಗೆ ಎದುರಾಗುತ್ತಾನೆ. ಆ ಭಾರಿ ಆಳುಗಳನ್ನೂ ದೊಡ್ಡ ನಾಯಿಗಳನ್ನೂ ಕಂಡು ಜೊತೆಯ ಪಾದ್ರಿಗಳು ನಡುಗುತ್ತಾರೆ. ಪ್ಯಾಟ್ರಿಕ್ ಸುಮ್ನೆ ಎದ್ದು ತೀರ್ಥ ಚಿಮುಕಿಸುತ್ತಾರೆ. ವೀರರ ತಲೆಯ ಮೇಲೆ ತೇಲುತ್ತಿದ್ದ ದೆವ್ವಗಳ ಸಾವಿರ ಪಡೆಗಳು ಗುಡ್ಡಗಳ ಕಡೆ ಓಡಿಹೋಗುತ್ತವೆ. ಕಥೆಗಳು ಮಾತ್ರ ಓಡುವುದಿಲ್ಲ, ನೋಡಿ!

ಆಮೇಲೆ ಇಬ್ಬರೂ ಊರೂರು ತಿರುಗುತ್ತಾರೆ. ಈ ತೊರೆಗೆ ಈ ಹೆಸರು ಯಾಕೆ, ಆ ದಿಬ್ಬದಡಿ ಮಲಗಿರುವುದು ಯಾರು? ಪ್ಯಾಟ್ರಿಕ್ ಕೇಳುತ್ತಾರೆ, ಕೀಲ್ಟೆ ಹೇಳುತ್ತಾನೆ. ಕೇಳುತ್ತ ಕೂತರೆ ಪ್ರಾರ್ಥನೆ ತಪ್ಪುತ್ತದಲ್ಲ ಎಂದು ಸಂತರಿಗೆ ಚಿಂತೆ. ಅವರನ್ನು ಕಾಯುವ ಇಬ್ಬರು ದೇವದೂತರು ಬಂದು ಅನುಮತಿ ಕೊಡುತ್ತಾರೆ: ಬರೆಸಿಡು, ಮುಂದಿನವರು ಕೇಳಿ ಸಂತೋಷಪಡಲಿ. ಬೇಗ ಬರೆಸು ಎಂದೇ ಇರಬೇಕು. ಯಾಕೆಂದರೆ ಅವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಈ ಮುದುಕರಿಗೆ ಮರೆವು, ಅವರು ಹೇಳುತ್ತಿರುವುದು ಮೂರರಲ್ಲಿ ಒಂದು ಪಾಲು ಅಷ್ಟೇ.