ಸಬ್‌ಫಾರ್ಮ್: ಒಂದು ಕಡೆ ತಿದ್ದಿದರೆ ಎಲ್ಲೆಲ್ಲಿ ಬದಲಾಗುತ್ತದೆ?

ಸ್ನೇಹಿತರೇ,

ಕಚೇರಿಗಳ ಇಮೇಲ್, ಅರ್ಜಿ, ದಾಖಲೆಗಳನ್ನು ನಿರ್ವಹಿಸುವ ತಂತ್ರಾಂಶವಾದ ಲೋಟಸ್ ನೋಟ್ಸ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. 1995ರಲ್ಲಿ ಅದು ಐಬಿಎಂ ಪಾಲಾಯಿತು, 2019ರಲ್ಲಿ ಎಚ್‌ಸಿಎಲ್ ಕೈಸೇರಿತು. ಅದರೊಳಗಿನ ಸಬ್‌ಫಾರ್ಮ್, ಅಂದರೆ ಹಲವು ಫಾರ್ಮ್‌ಗಳು ಹಂಚಿಕೊಳ್ಳುವ ಭಾಗ, ಇಂದಿಗೂ ಉಳಿದುಕೊಂಡು ಬಂದಿದೆ. ಇಂದಿನ ಮಾತು ಅದೊಂದರ ಬಗ್ಗೆ.

ಒಂದು ಕಚೇರಿಯ ಡೇಟಾಬೇಸ್ ಇದೆ ಎನ್ನೋಣ. ಅದರಲ್ಲಿ ರಜೆ ಅರ್ಜಿ, ಪ್ರಯಾಣ ಭತ್ಯೆ, ಖರೀದಿ ಬೇಡಿಕೆ ಎಂಬ ಫಾರ್ಮ್‌ಗಳು. ಮೂರರ ಮೇಲ್ಭಾಗದಲ್ಲೂ ನೌಕರರ ಹೆಸರು, ಸಂಖ್ಯೆ, ವಿಭಾಗ, ಊರು. ಇವನ್ನು ನಕಲು ಮಾಡಿ ಅಂಟಿಸುತ್ತಾ ಹೋದರೆ ಮುಂದೊಂದು ದಿನ ಎರಡು ಫಾರ್ಮ್ ತಿದ್ದಿ ಮೂರನೆಯದನ್ನು ಮರೆಯುವುದು ಖಂಡಿತ. ಆ ಭಾಗವನ್ನು ಸಬ್‌ಫಾರ್ಮ್ ಮಾಡಿ ಮೂರರಲ್ಲೂ ಸೇರಿಸಿದರೆ ತಿದ್ದುವ ಜಾಗ ಒಂದೇ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ತಿದ್ದುಪಡಿ ಹಳೆಯ ದಾಖಲೆಗಳಿಗೆ ಏನು ಮಾಡುತ್ತದೆ ಎಂದು ಯೋಚಿಸುವವರು ಕಡಿಮೆ. ನನ್ನ ಕಾಳಜಿ ಇರುವುದು ಅಲ್ಲಿ.

2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಬೆಲ್ಗಾಂ ಬೆಳಗಾವಿಯಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು. ಸಬ್‌ಫಾರ್ಮ್‌ನಲ್ಲಿರುವ ಊರುಗಳ ಪಟ್ಟಿಯನ್ನು ತಿದ್ದಲು ಐದು ನಿಮಿಷ ಸಾಕು. ಆದರೆ ಅಲ್ಲಿಯವರೆಗೆ ಉಳಿಸಿದ ದಾಖಲೆಗಳ ಒಳಗೆ ಬೆಲ್ಗಾಂ ಎಂದೇ ಇರುತ್ತದೆ. ಊರುವಾರು ವಿಂಗಡಿಸಿದ ವ್ಯೂ (ದಾಖಲೆಗಳ ಪಟ್ಟಿ) ತೆರೆದರೆ ಒಂದೇ ಊರು ಎರಡು ಕಡೆ ಕಾಣಿಸಿಕೊಳ್ಳುತ್ತದೆ. ಮೊದಲಿನಿಂದಲೂ ಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದು ಲಂಬ ಗೆರೆ (|) ಹಾಕಿ ಬದಲಾಗದ ಸಂಕೇತವೊಂದನ್ನು ಕೊಟ್ಟಿದ್ದರೆ ಕಥೆಯೇ ಬೇರೆ. ಆಗ ಪರದೆಯ ಮೇಲೆ ಹೆಸರು ಕಾಣುತ್ತದೆ, ದಾಖಲೆಯಲ್ಲಿ ಸಂಕೇತ ಉಳಿಯುತ್ತದೆ. ಹೆಸರು ಬದಲಿಸಿದೊಡನೆ ಹಳೆಯ ಅರ್ಜಿಯೂ ಹೊಸ ಹೆಸರಿನಲ್ಲೇ ತೆರೆದುಕೊಳ್ಳುತ್ತದೆ. ವ್ಯೂಗಳಲ್ಲಿ ಮಾತ್ರ ಸಂಕೇತವೇ ಕಾಣುವುದರಿಂದ ಅಲ್ಲಿನ ಕಾಲಂಗೆ ಒಂದು ಸೂತ್ರ ಬರೆಯಬೇಕಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಸಂದರ್ಭವೂ ಉಂಟು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ವ್ಯಾಟ್, ಸೇವಾ ತೆರಿಗೆಗಳು ಅದರಲ್ಲಿ ವಿಲೀನವಾದವು. ಬಿಲ್ಲಿನ ತೆರಿಗೆ ಸಬ್‌ಫಾರ್ಮ್‌ನಿಂದ ವ್ಯಾಟ್ ಫೀಲ್ಡ್ (ಮಾಹಿತಿ ತುಂಬುವ ಜಾಗ) ಕಿತ್ತು ಜಿಎಸ್‌ಟಿ ಇಟ್ಟರೆ 2016ರ ಬಿಲ್ ತೆರೆದಾಗ ವ್ಯಾಟ್ ಮೊತ್ತವೇ ಕಾಣುವುದಿಲ್ಲ. ಅಂಕಿ ದಾಖಲೆಯೊಳಗೆ ಭದ್ರವಾಗಿರುತ್ತದೆ, ತೋರಿಸುವ ಜಾಗ ಮಾತ್ರ ಇಲ್ಲವಾಗಿರುತ್ತದೆ. ಲೆಕ್ಕ ಪರಿಶೋಧಕರಿಗೆ ಆ ವ್ಯತ್ಯಾಸ ವಿವರಿಸುವುದು ಸುಲಭವಲ್ಲ. ಇಲ್ಲಿ ಹಳೆಯ ಸಬ್‌ಫಾರ್ಮ್ ಮುಟ್ಟದೆ ಹೊಸದೊಂದನ್ನು ಮಾಡಿ, ದಾಖಲೆ ಸೃಷ್ಟಿಯಾದ ದಿನಾಂಕ ನೋಡಿ ಎರಡರಲ್ಲೊಂದನ್ನು ಆರಿಸುವ ಸೂತ್ರ ಬರೆಯಬೇಕು. ಅದೇ ಕಂಪ್ಯೂಟೆಡ್ ಸಬ್‌ಫಾರ್ಮ್. ಆ ಸೂತ್ರ ಓಡುವುದು ದಾಖಲೆ ತೆರೆಯುವ ಹೊತ್ತಿಗೆ ಮಾತ್ರ. ಮಧ್ಯೆ ಯಾವುದೋ ಫೀಲ್ಡ್ ಬದಲಿಸಿದರೆ ಸಬ್‌ಫಾರ್ಮ್ ಬದಲಾಗುವುದಿಲ್ಲ.

ಅನುಮೋದನೆಯ ಭಾಗವನ್ನು ಹಂಚಿಕೊಳ್ಳುವ ಆಸೆಯೂ ಹಲವರಿಗೆ ಇರುತ್ತದೆ, ನೋಡಲು ಎಲ್ಲ ಫಾರ್ಮ್‌ಗಳಲ್ಲೂ ಒಂದೇ ತೆರನಾಗಿರುವುದರಿಂದ. ನಾನು ಬೇಡವೆನ್ನುತ್ತೇನೆ. ರಜೆಗೆ ಮೇಲಧಿಕಾರಿಯ ಒಪ್ಪಿಗೆ ಸಾಕು, ಖರೀದಿಗೆ ಹಣಕಾಸು ವಿಭಾಗದ್ದೂ ಬೇಕು. ಎರಡರ ನಿಯಮಗಳನ್ನು ಬದಲಿಸುವವರೇ ಬೇರೆ. ಒಂದರಲ್ಲಿ ತುರುಕಿದರೆ, ಏನನ್ನು ಎಲ್ಲಿ ಮರೆಮಾಡಬೇಕೆಂಬ ಸೂತ್ರಗಳು ಬೆಳೆಯುತ್ತಾ ಹೋಗಿ ಕೊನೆಗೆ ಯಾರೂ ಅದನ್ನು ಮುಟ್ಟಲು ಧೈರ್ಯ ಮಾಡುವುದಿಲ್ಲ.

ಇನ್ನು ಪರೀಕ್ಷೆ. ಟೆಂಪ್ಲೇಟ್‌ನಲ್ಲಿ, ಅಂದರೆ ಡೇಟಾಬೇಸ್‌ಗಳು ತಮ್ಮ ವಿನ್ಯಾಸ ಪಡೆಯುವ ಮೂಲ ಮಾದರಿಯಲ್ಲಿ, ಮಾಡಿದ ತಿದ್ದುಪಡಿಯನ್ನು ಸರ್ವರ್‌ನ ಡಿಸೈನ್ ಟಾಸ್ಕ್, ಬೇರೆ ವೇಳೆ ನಿಗದಿಪಡಿಸದಿದ್ದರೆ, ರಾತ್ರಿ 1 ಗಂಟೆಗೆ ಅದಕ್ಕೆ ಹೊಂದಿಕೊಂಡ ಡೇಟಾಬೇಸ್‌ಗಳಿಗೆಲ್ಲ ಹರಡುತ್ತದೆ. ಆದ್ದರಿಂದ ಡೇಟಾಬೇಸ್‌ನ ನಕಲು ಪ್ರತಿಯೊಂದರಲ್ಲಿ ಮೊದಲು ತಿದ್ದಿ, ಹೊಸ ಅರ್ಜಿಯನ್ನು ತುಂಬಿ ನೋಡುವುದರ ಜೊತೆಗೆ ಅಲ್ಲಿರುವ ಅತ್ಯಂತ ಹಳೆಯ ದಾಖಲೆಯನ್ನೂ ತೆರೆದು, ಏನನ್ನೂ ಬದಲಿಸದೆ ಉಳಿಸಿ, ಅದರ ಫೀಲ್ಡ್‌ಗಳನ್ನು ಮೊದಲಿನವುಗಳೊಂದಿಗೆ ಹೋಲಿಸಿ ನೋಡಿ.