ಇಂಗ್ಲಿಷ್‌ನವರು ಎಡವುವ ಸ್ಪ್ಯಾನಿಷ್

ಎಲ್ಲರಿಗೂ ನಮಸ್ಕಾರ.

ಸ್ಪ್ಯಾನಿಷ್ ಕಲಿಯಲು ಕೂತ ಇಂಗ್ಲಿಷ್ ಭಾಷಿಕರು ಶುರುವಿನಲ್ಲೇ ಮುಗ್ಗರಿಸುವ ಕ್ರಿಯಾಪದ ಒಂದಿದೆ: ಗುಸ್ತಾರ್. ‘ಲೈಕ್’ ಎಂಬ ಅರ್ಥ ನೋಡಿಕೊಂಡು, ‘ಐ ಲೈಕ್ ಯೂ’ ಅನ್ನಲು ‘ಯೋ ತೆ ಗುಸ್ತೋ’ ಅಂದುಬಿಡುತ್ತಾರೆ. ಕೇಳಿದವರಿಗೆ ತಿಳಿಯುವುದು ‘ನಾನು ನಿನಗೆ ಇಷ್ಟ’ ಎಂದು! ಪ್ರೀತಿ ಹೇಳಿಕೊಳ್ಳಲು ಹೋಗಿ ಜಂಬ ಕೊಚ್ಚಿಕೊಂಡ ಹಾಗೆ. ಹೇಳಬೇಕಾದದ್ದು ‘ಮೆ ಗುಸ್ತಾಸ್’. ಕನ್ನಡದಲ್ಲಿ ಹೇಳಿ ನೋಡಿ: ‘ನನಗೆ ಇಷ್ಟವಾಗುತ್ತೀಯ’. ‘ಮೆ’ ಎಂದರೆ ನಮ್ಮ ‘ನನಗೆ’. ಕ್ರಿಯಾಪದ ಹೊಂದಿಕೊಳ್ಳುವುದು ಇಷ್ಟವಾದವರ ಜೊತೆಗೆ. ಪುಸ್ತಕ ಒಂದಾದರೆ ಗುಸ್ತಾ, ಹಲವಾದರೆ ಗುಸ್ತಾನ್, ಇಷ್ಟವಾಗುತ್ತದೆ, ಇಷ್ಟವಾಗುತ್ತವೆ. ಇಂಗ್ಲಿಷ್‌ನವರಿಗೆಂದು ಬರೆದ ಪಠ್ಯ ಹಿಡಿದು ಕಲಿಯುವ ಕನ್ನಡಿಗರು ಅವರ ಕಷ್ಟವನ್ನೂ ಸುಮ್ಮನೆ ಸಾಲ ತಂದುಕೊಳ್ಳುತ್ತಾರೆ ಎಂಬುದೇ ನನ್ನ ತಕರಾರು.

ಲೋಟ ಬಿದ್ದದ್ದೂ ಹಾಗೆಯೇ. ‘ಸೆ ಮೆ ಕಾಯೋ ಎಲ್ ಬಾಸೋ’, ಅಂದರೆ ನನ್ನ ಕೈಯಿಂದ ಲೋಟ ಬಿತ್ತು. ಇದಕ್ಕೆ ಆ ಪುಸ್ತಕಗಳಲ್ಲಿ ಪ್ರತ್ಯೇಕ ಪಾಠವೇ ಇರುತ್ತದೆ. ಬೀಳಿಸಿದವರು ತಪ್ಪನ್ನು ಲೋಟದ ಮೇಲೆ ಹೊರಿಸುತ್ತಾರೆ ಎಂದು ನಗುವವರೂ ಇದ್ದಾರೆ. ‘ಲೋಟ ಕೈಜಾರಿ ಬಿತ್ತು’ ಅನ್ನುವ ನಮಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ಇನ್ನು ‘ಇರು’ ಎಂಬರ್ಥದ ಎರಡು ಕ್ರಿಯಾಪದಗಳು, ಸೇರ್ ಮತ್ತು ಎಸ್ತಾರ್. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ‘ಬಿ’. ಶಾಶ್ವತವಾದುದಕ್ಕೆ ಸೇರ್, ತಾತ್ಕಾಲಿಕಕ್ಕೆ ಎಸ್ತಾರ್ ಎಂದು ಹೇಳಿಕೊಡುವುದುಂಟು. ಇದು ನನಗೆ ಒಪ್ಪಿಗೆಯಿಲ್ಲ. ಸತ್ತವನ ಬಗ್ಗೆ ‘ಎಸ್ತಾ ಮುಎರ್ತೋ’ ಅನ್ನುತ್ತಾರೆ, ಸಾವು ತಾತ್ಕಾಲಿಕವೇ? ನಮ್ಮ ‘ಸತ್ತಿದ್ದಾನೆ’ಯ ಒಳಗೂ ಒಂದು ‘ಇದ್ದಾನೆ’ ಕೂತಿದೆ, ಗಮನಿಸಿ. ‘ಅವನು ವೈದ್ಯ’ ಅನ್ನುವಾಗ ನಮಗೆ ಕ್ರಿಯಾಪದವೇ ಬೇಡ, ಅಲ್ಲಿ ಸೇರ್ ಬರುತ್ತದೆ. ‘ಅವನು ಮನೆಯಲ್ಲಿದ್ದಾನೆ’, ಅಲ್ಲಿ ಎಸ್ತಾರ್. ‘ಸಭೆ ಎರಡನೇ ಕೋಣೆಯಲ್ಲಿ’ ಎಂದು ನಾವು ಅಷ್ಟಕ್ಕೇ ನಿಲ್ಲಿಸಬಹುದು. ಸ್ಪ್ಯಾನಿಷ್ ಕೂಡ ನಡೆಯುವ ಸಭೆಗೆ ಸೇರ್ ಬಳಸುತ್ತದೆ, ಕೋಣೆಯಲ್ಲಿರುವ ಕುರ್ಚಿಗೆ ಎಸ್ತಾರ್. ಹೋಲಿಕೆ ಪೂರ್ತಿ ದೂರ ಬರುವುದಿಲ್ಲ. ‘ಅವನು ಎತ್ತರ ಇದ್ದಾನೆ’ ಅನ್ನುತ್ತೇವಲ್ಲ, ಸ್ಪ್ಯಾನಿಷ್‌ನಲ್ಲಿ ಅದು ಸೇರ್.

ಲಿಂಗದ ವಿಷಯದಲ್ಲಂತೂ ಕನ್ನಡ ಕೈಕೊಡುತ್ತದೆ. ಮೇಜು ಹೆಣ್ಣು, ಪುಸ್ತಕ ಗಂಡು; ಬಾಯಿಪಾಠವೇ ಗತಿ. ನೀರು ಕೂಡ ಹೆಣ್ಣೇ. ಆದರೆ ಒತ್ತಿ ಹೇಳುವ ‘ಆ’ದಿಂದ ಪದ ಶುರುವಾಗುವ ಕಾರಣ ಅದಕ್ಕೆ ಮೊದಲು, ಗಂಡು ಪದಗಳಿಗೆ ಬರುವ ‘ಎಲ್’ ಬರುತ್ತದೆ: ಎಲ್ ಆಗ್ವಾ ಫ್ರೀಯಾ, ಅಂದರೆ ತಣ್ಣೀರು. ವಿಶೇಷಣ ಮಾತ್ರ ಸ್ತ್ರೀಲಿಂಗದಲ್ಲೇ ಉಳಿಯುತ್ತದೆ.

ಕೊನೆಯದು, ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು. ‘ಪುಸ್ತಕ ನೋಡಿದೆ’ ಅನ್ನಬಹುದು, ‘ಮಾರಿಯಾ ನೋಡಿದೆ’ ಅಂದರೆ ಕೆಟ್ಟಿತು, ‘ಮಾರಿಯಾಳನ್ನು’ ಆಗಲೇಬೇಕು. ಸ್ಪ್ಯಾನಿಷ್ ಕೂಡ ಇಂಥ ಕಡೆ ಮನುಷ್ಯರನ್ನು ಸೂಚಿಸುವ ಪದಕ್ಕೆ ಮೊದಲು ಒಂದು ‘ಆ’ ಇಡುತ್ತದೆ. ಇಂಗ್ಲಿಷ್‌ನವರು ಮರೆಯುವುದು ಇದನ್ನೇ. ಈಗ ಎರಡು ವಾಕ್ಯ ಕೇಳಿ. ‘ಬುಸ್ಕೋ ಆ ಉನ್ ಮೇದಿಕೋ ಕೆ ಆಬ್ಲಾ ಇಂಗ್ಲೇಸ್’: ಇಂಗ್ಲಿಷ್ ಮಾತಾಡುವ ಒಬ್ಬ ವೈದ್ಯರಿದ್ದಾರೆ, ಅವರನ್ನು ಹುಡುಕುತ್ತಿದ್ದೇನೆ. ‘ಬುಸ್ಕೋ ಉನ್ ಮೇದಿಕೋ ಕೆ ಆಬ್ಲೆ ಇಂಗ್ಲೇಸ್’: ಅಂಥವರು ಯಾರಾದರೂ ಸಿಕ್ಕಾರೇ ಎಂದು ಹುಡುಕುತ್ತಿದ್ದೇನೆ. ‘ಆ’ ಹೋಯಿತು, ‘ಆಬ್ಲಾ’ ‘ಆಬ್ಲೆ’ ಆಯಿತು. ಅಷ್ಟಕ್ಕೇ ಆ ವೈದ್ಯರು ಇದ್ದಾರೋ ಇಲ್ಲವೋ ಅನ್ನುವುದೂ ಖಾತ್ರಿಯಿಲ್ಲ.